ಸೈಕಲ್ ನಿಂತರೆ ಡೈನಮೋ ದೀಪ ಯಾಕೆ ಆರುತ್ತದೆ?

(ದೃಶ್ಯ: ಕತ್ತಲ ರಸ್ತೆ. ಹಳೇ ಸೈಕಲ್ಲಿನ ಡೈನಮೋ ಟೈರಿಗೆ ಒತ್ತಿಕೊಂಡು ಗುಂಯ್ ಅನ್ನುತ್ತಿದೆ.)

ನಮಸ್ಕಾರ. ಡೈನಮೋ ಸೈಕಲ್ ಓಡಿಸಿದವರಿಗೆ ಇದು ಗೊತ್ತು. ಜೋರಾಗಿ ತುಳಿದರೆ ದೀಪ ಬೆಳ್ಳಗೆ ಉರಿಯುತ್ತದೆ. ಏರು ಬಂದು ಕಾಲು ಸೋತರೆ ಕೆಂಪಗಾಗುತ್ತದೆ. ಸೈಕಲ್ ನಿಂತರೆ ಆರಿಯೇ ಹೋಗುತ್ತದೆ. ಡೈನಮೋ ಬಿಚ್ಚಿದರೆ ಒಳಗೆ ಮುಖ್ಯವಾಗಿ ಇರುವುದು ಎರಡೇ. ತಿರುಗುವ ಒಂದು ಮ್ಯಾಗ್ನೆಟ್, ಪಕ್ಕದಲ್ಲಿ ತಾಮ್ರದ ತಂತಿಯ ಸುರುಳಿ. ಬ್ಯಾಟರಿ ಇಲ್ಲ. ಮ್ಯಾಗ್ನೆಟ್ ತಂತಿಯನ್ನು ಮುಟ್ಟುವುದೂ ಇಲ್ಲ. ಮತ್ತೆ ಕರೆಂಟ್ ಬಂದಿದ್ದು ಎಲ್ಲಿಂದ?

(ದೃಶ್ಯ: ಕಬ್ಬಿಣದ ಬಳೆ, ಎರಡೂ ಬದಿಗೆ ಬೇರೆ ಬೇರೆ ತಂತಿ ಸುತ್ತಿದೆ.)

1831ರ ಆಗಸ್ಟ್ 29. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್. ಕಮ್ಮಾರನ ಮಗ ಮೈಕೆಲ್ ಫ್ಯಾರಡೆ ಇಂಥದ್ದೇ ಬಳೆಯ ಒಂದು ಬದಿಯ ತಂತಿಗೆ ಬ್ಯಾಟರಿ ಜೋಡಿಸಿದರು. ಇನ್ನೊಂದು ಬದಿಯ ತಂತಿಯ ಹತ್ತಿರ ದಿಕ್ಸೂಚಿಯ ಥರದ ಮುಳ್ಳು ಇಟ್ಟಿದ್ದರು. ಬ್ಯಾಟರಿ ಸೇರಿಸಿದ ಕ್ಷಣ ಮುಳ್ಳು ಅಲುಗಿತು. ಆಮೇಲೆ ಬ್ಯಾಟರಿ ಹಾಗೇ ಇದ್ದರೂ ಸುಮ್ನೆ ಮೊದಲಿನ ಜಾಗಕ್ಕೆ ಬಂದು ನಿಂತಿತು. ಬ್ಯಾಟರಿ ತೆಗೆದಾಗ ಮತ್ತೆ ಅಲುಗಿತು. ನನಗಂತೂ ಮುಳ್ಳು ಅಲುಗಿದ್ದಕ್ಕಿಂತ ನಡುವೆ ಸುಮ್ಮನೆ ನಿಂತಿದ್ದೇ ದೊಡ್ಡ ಸುಳಿವು ಅನ್ನಿಸುತ್ತದೆ. ಕರೆಂಟ್ ಹರಿಯುವ ಸುರುಳಿಯೂ ಮ್ಯಾಗ್ನೆಟ್ಟಿನ ಹಾಗೆ ಸುತ್ತ ಕಾಂತಕ್ಷೇತ್ರ, ಅಂದರೆ ಮ್ಯಾಗ್ನೆಟ್ಟಿನ ಪ್ರಭಾವ, ಹುಟ್ಟಿಸುತ್ತದೆ. ಆದರೆ ಕಾಂತಕ್ಷೇತ್ರ ಇದ್ದರೆ ಸಾಲದು, ಅದು ಬದಲಾಗುತ್ತಾ ಇರಬೇಕು. ಸೈಕಲ್ ನಿಂತರೆ ಡೈನಮೋದ ಮ್ಯಾಗ್ನೆಟ್ಟೂ ನಿಲ್ಲುತ್ತದೆ, ಬದಲಾವಣೆ ನಿಲ್ಲುತ್ತದೆ, ದೀಪ ಆರುತ್ತದೆ. ಬೇಗ ಬೇಗ ಬದಲಾದಷ್ಟೂ ವೋಲ್ಟೇಜ್ ಜಾಸ್ತಿ. ತಂತಿಯ ಸುತ್ತು ಹೆಚ್ಚಿದ್ದಷ್ಟೂ ಜಾಸ್ತಿ. ಶಾಲೆಯಲ್ಲಿ ಓದಿದ ವಿದ್ಯುತ್ಕಾಂತೀಯ ಪ್ರೇರಣೆ ಇದೇ.

ಕರೆಂಟ್ ಪುಕ್ಕಟೆ ಸಿಗುವುದಿಲ್ಲ. ಡೈನಮೋ ಟೈರಿಗೆ ತಾಗಿಸಿದ ಕೂಡಲೇ ಪೆಡಲ್ ಭಾರ ಆಗುತ್ತದೆ ಅಲ್ವಾ? ಅದರಲ್ಲಿ ಉಜ್ಜಾಟದ ಪಾಲೂ ಇದೆ. ಆದರೆ ಹುಟ್ಟಿದ ಕರೆಂಟ್ ತನ್ನನ್ನು ಹುಟ್ಟಿಸಿದ ಬದಲಾವಣೆಗೇ ಅಡ್ಡ ನಿಲ್ಲುತ್ತದೆ. ಇದನ್ನು ವಿಜ್ಞಾನಿ ಲೆನ್ಜ್ 1834ರಲ್ಲಿ ಹೇಳಿದರು.

ಕಾಲಿನ ಬದಲು ಕಾವೇರಿ ತುಳಿದರೆ ಅದು ಶಿವನಸಮುದ್ರ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು.

(ದೃಶ್ಯ: ಬೀದಿ ಬದಿಯ ಟೀಸಿ.)

ನಿಮ್ಮ ಬೀದಿಯ ಟೀಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಒಳಗಿರುವುದು ಫ್ಯಾರಡೆ ಬಳೆಯ ದೊಡ್ಡಣ್ಣ. 11,000 ವೋಲ್ಟ್ ಬಂದು ಮನೆಗೆ 230 ಆಗಿ ಇಳಿಯುತ್ತದೆ. ಬ್ಯಾಟರಿ ಸೇರಿಸಿ ತೆಗೆಯುವ ಕೆಲಸ ಇಲ್ಲಿ ಯಾರೂ ಮಾಡಬೇಕಿಲ್ಲ. ನಮ್ಮ ಕರೆಂಟ್ ಸೆಕೆಂಡಿಗೆ 100 ಸಲ ತಾನೇ ದಿಕ್ಕು ಬದಲಿಸುತ್ತದೆ.

(ದೃಶ್ಯ: ಇಂಡಕ್ಷನ್ ಒಲೆ. ಮೇಲೆ ಕಬ್ಬಿಣದ ಕಾವಲಿ, ದೋಸೆ ಚುರ್ ಅನ್ನುತ್ತಿದೆ.)

ಈ ಗಾಜಿನ ಕೆಳಗೂ ತಾಮ್ರದ ಸುರುಳಿಯೇ ಇದೆ. ಅದರ ಕರೆಂಟ್ ಸೆಕೆಂಡಿಗೆ 20,000ಕ್ಕೂ ಹೆಚ್ಚು ಸಲ ಹಿಂದೆ ಮುಂದೆ ಓಡುತ್ತದೆ. ಅದಕ್ಕೆ ಕಾವಲಿಯ ತಳದಲ್ಲೇ ಕರೆಂಟ್ ಸುಳಿ ಸುಳಿಯಾಗಿ ಹುಟ್ಟಿ, ಕಾವಲಿ ತಾನಾಗಿ ಕಾಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಮ್ಯಾಗ್ನೆಟ್ಟಿಗೆ ಅಂಟುವುದಿಲ್ಲ, ಕರೆಂಟಿಗೆ ಅಷ್ಟಾಗಿ ತಡೆಯನ್ನೂ ಒಡ್ಡುವುದಿಲ್ಲ. ಹಾಗಾಗಿ ಸಾಮಾನ್ಯ ಇಂಡಕ್ಷನ್ ಒಲೆಯ ಮೇಲೆ ಅದು ಕಾಯುವುದಿಲ್ಲ.

ಈ ಒಲೆಗೆ ಪಾತ್ರೆ ತರಲು ಹೋಗುವಾಗ ಫ್ರಿಜ್ ಮೇಲಿನ ಮ್ಯಾಗ್ನೆಟ್ ಒಂದನ್ನು ಜೇಬಿಗೆ ಹಾಕಿಕೊಳ್ಳಿ. ತಳಕ್ಕೆ ಗಟ್ಟಿಯಾಗಿ ಕಚ್ಚಿಕೊಂಡರೆ ಧೈರ್ಯವಾಗಿ ತನ್ನಿ.