ಒಂದು ಸಾಲು ಹಿಂದಕ್ಕೆ ಹೋಗಿ

ಎಲ್ಲರಿಗೂ ನಮಸ್ಕಾರ.

ಟೈಪಿಂಗ್ ಅಂಗಡಿಗೆ ಹೋಗಿ ‘ಒಂದು ಅಫಿಡವಿಟ್ ಮಾಡಿಸ್ಬೇಕಿತ್ತು’ ಅಂತ ನಮ್ಮಲ್ಲಿ ಹೆಚ್ಚಿನವರು ಒಮ್ಮೆಯಾದರೂ ಕೇಳಿರುತ್ತೇವೆ. ಛಾಪಾ ಕಾಗದ, ನೋಟರಿ ಸೀಲು, ಕೆಳಗೊಂದು ಸಹಿ. ನಾವು ಕೇಳಿದ್ದು ಹಳೆಯ ರೋಮಿನವರ ಭಾಷೆಯಾದ ಲ್ಯಾಟಿನ್ನಿನ ಒಂದು ಪೂರ್ತಿ ವಾಕ್ಯ! ಅಫಿಡವಿಟ್ ಎಂದರೆ ‘ಆಣೆ ಮಾಡಿ ಹೇಳಿದ್ದಾನೆ’ ಎಂದರ್ಥ. ಕೋರ್ಟಿನಲ್ಲಿ ಹಾಕುವ ಕೇವಿಯಟ್ ಎಂದರೆ ‘ಎಚ್ಚರವಾಗಿರಲಿ’. ಬ್ರಿಟಿಷರ ಕೋರ್ಟುಗಳ ಜೊತೆ ಬಂದ ಈ ಮಾತುಗಳು ನಮ್ಮ ಬಾಯಲ್ಲಿ ಸವೆದು ನಮ್ಮವೇ ಆಗಿಬಿಟ್ಟಿವೆ.

ಲ್ಯಾಟಿನ್ ಗಾದೆಗಳೂ ನಮ್ಮನೆಗೆ ಬಂದದ್ದು ಇಂಗ್ಲಿಷಿನ ಬಾಗಿಲಿಂದಲೇ. ಎಡಗಡೆ ಲ್ಯಾಟಿನ್, ಬಲಗಡೆ ಇಂಗ್ಲಿಷ್ ಅರ್ಥ. ಕಾಲೇಜಿನಲ್ಲಿದ್ದಾಗ ನಾನೂ ಅಂಥದ್ದೊಂದು ಪಟ್ಟಿಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ಬಹಳ ವರ್ಷಗಳ ಮೇಲೆ ಆ ಸಾಲುಗಳ ಮೂಲ ಹುಡುಕುತ್ತಾ ಹೋದಾಗ ಬಲಗಡೆಯ ಅರ್ಥಗಳು ಒಂದೊಂದಾಗಿ ಅಲುಗಾಡತೊಡಗಿದವು.

ಅದಕ್ಕೆ ಕಾರಣ ಇದೆ. ನಮ್ಮ ಗಾದೆಗಳನ್ನು ಕಟ್ಟಿದವರು ಯಾರು ಅಂತ ಯಾರಿಗೂ ಗೊತ್ತಿಲ್ಲ. ಲ್ಯಾಟಿನ್ನಿನಲ್ಲಿ ಹೆಸರಾದ ಎಷ್ಟೋ ಮಾತುಗಳಿಗೆ ಮಾತ್ರ ಒಬ್ಬ ಒಡೆಯ ಇದ್ದಾನೆ. ಅವು ಒಂದು ಪದ್ಯದಿಂದಲೋ ಕಾಗದದಿಂದಲೋ ಕಿತ್ತುಕೊಂಡು ಬಂದ ತುಂಡುಗಳು. ಅದರ ಹಿಂದಿನ ಸಾಲು ಇವತ್ತಿಗೂ ಉಳಿದಿದೆ. ಹೋಗಿ ಓದಬಹುದು.

‘ಕಾರ್ಪೆ ಡಿಯೆಮ್’ ತಗೊಳ್ಳಿ. ಟೀ ಶರ್ಟಿನ ಮೇಲೆ, ಕಾಫಿ ಕಪ್ಪಿನ ಮೇಲೆ ನೋಡಿರುತ್ತೀರಿ. ಇಂಗ್ಲಿಷಿನವರು ಇದಕ್ಕೆ ‘ದಿನವನ್ನು ಗಪ್ಪನೆ ಹಿಡಿ’ ಅಂತ ಅರ್ಥ ಹೇಳುತ್ತಾರೆ. ಎದ್ದೇಳು, ನುಗ್ಗು, ಗೆಲ್ಲು ಅನ್ನೋ ಧಾಟಿ. ಬರೆದವನು ರೋಮಿನ ಕವಿ ಹೊರೇಸ್. ಕ್ರಿ.ಪೂ. 23ರ ಹೊತ್ತಿಗೆ ಹೊರಬಂದ ಅವನ ಹಾಡಿನಂಥ ಪದ್ಯಗಳಾದ ಓಡ್‌ಗಳಲ್ಲಿ ಎಂಟೇ ಸಾಲಿನ ಪುಟ್ಟ ಪದ್ಯವೊಂದರ ಕೊನೆಗೆ ಈ ಮಾತು ಬರುತ್ತದೆ. ಲ್ಯುಕೋನೊಯಿ ಎಂಬ ಹೆಣ್ಣಿಗೆ ಅವನು ಹೇಳುತ್ತಿದ್ದಾನೆ: ನಮ್ಮ ಆಯುಷ್ಯ ಎಷ್ಟು ಅಂತ ಕೇಳಬೇಡ, ಬ್ಯಾಬಿಲೋನಿನ ಜೋಯಿಸರ ಲೆಕ್ಕ ಹಾಕಿಸಬೇಡ. ಹೊರಗೆ ಚಳಿಗಾಲದ ಕಡಲು ಬಂಡೆಗೆ ಬಡಿದು ಬಡಿದು ಸುಸ್ತಾಗುತ್ತಿದೆ. ದ್ರಾಕ್ಷಾರಸ ಸೋಸು. ಉದ್ದಕ್ಕೆ ಬೆಳೆದ ಆಸೆಯನ್ನು ಸವರಿ ಗಿಡ್ಡ ಮಾಡು. ನಾವು ಮಾತಾಡುತ್ತಿರುವಾಗಲೇ ಹೊಟ್ಟೆಕಿಚ್ಚಿನ ಕಾಲ ಓಡಿಹೋಗಿರುತ್ತದೆ.

ಆಮೇಲೆ ‘ಕಾರ್ಪೆ’. ಇದು ತೋಟದ ಮಾತು. ಹೂವನ್ನು, ಹಣ್ಣನ್ನು ಗಿಡದಿಂದ ಬಿಡಿಸಿಕೊಳ್ಳುವುದಕ್ಕೆ ಹೇಳುವ ಮಾತು. ಇಲ್ಲಿ ಕನ್ನಡದವರಿಗೆ ಎಂಥ ಅನುಕೂಲ ಇದೆ ನೋಡಿ! ನಾವು ಹೂವನ್ನು ಹಿಡಿಯುವುದಿಲ್ಲ, ಬಿಡಿಸುತ್ತೇವೆ. ಬೆಳಗಿನ ಜಾವ ಮಲ್ಲಿಗೆ ಮೊಗ್ಗು ಬಿಡಿಸುವವರ ಕೈ ನೆನಪು ಮಾಡಿಕೊಳ್ಳಿ. ಎರಡು ಬೆರಳು, ಒಂದು ಚಿವುಟು, ಅಷ್ಟೇ. ಜೋರು ಮಾಡಿದರೆ ಮೊಗ್ಗು ನಲುಗುತ್ತದೆ. ಬಿಸಿಲೇರಿದ ಮೇಲೆ ಹೋದರೆ ಆ ಮೊಗ್ಗು ಸಿಗುವುದಿಲ್ಲ. ‘ಈ ದಿನವನ್ನು ಬಿಡಿಸಿಕೋ, ನಾಳೆಯನ್ನು ಆದಷ್ಟು ಕಡಿಮೆ ನಂಬು’ ಅಂದರೆ ಹೊರೇಸನ ಹತ್ತಿರಕ್ಕೆ ಬಂದಂತೆ. ಇಂಗ್ಲಿಷಿನ ಆ ಅವಸರ ಅವನ ಪದ್ಯದಲ್ಲಿ ಎಲ್ಲೂ ಇಲ್ಲ.

‘ಮೆನ್ಸ್ ಸಾನ ಇನ್ ಕೊರ್ಪೊರೆ ಸಾನೊ’ ಗೊತ್ತಲ್ವಾ? ಗಟ್ಟಿ ದೇಹದಲ್ಲಿ ಗಟ್ಟಿ ಮನಸ್ಸು. ಶಾಲೆಯ ಬ್ಯಾಡ್ಜಿನ ಮೇಲೆ, ಜಿಮ್ಮಿನ ಗೋಡೆಯ ಮೇಲೆ ಇರುತ್ತದೆ. ಇಲ್ಲಿನ ‘ಮೆನ್ಸ್’ ಮತ್ತು ನಮ್ಮ ‘ಮತಿ’ ಒಂದೇ ಬೇರಿನವು. ವ್ಯಾಯಾಮ ಮಾಡಿದರೆ ಬುದ್ಧಿ ಚುರುಕಾಗುತ್ತದೆ ಅಂತ ಓದಿಕೊಳ್ಳುತ್ತೇವೆ. ರೋಮಿನ ಇನ್ನೊಬ್ಬ ಕವಿ ಜುವೆನಲ್ ತನ್ನ ಹತ್ತನೆಯ ವಿಡಂಬನೆಯಲ್ಲಿ ಹೇಳಿದ್ದು ಬೇರೆ. ಅಧಿಕಾರ, ದೀರ್ಘಾಯುಷ್ಯ, ರೂಪ ಬೇಡಿಕೊಂಡು ಕೆಟ್ಟವರ ಕಥೆಯನ್ನೆಲ್ಲ ಹೇಳಿ, ಕೊನೆಗೆ ‘ದೇವರಲ್ಲಿ ಏನಾದರೂ ಕೇಳಲೇಬೇಕಾದರೆ ಇಷ್ಟು ಕೇಳಿ’ ಅನ್ನುತ್ತಾನೆ. ಅದು ಒಂದು ಪ್ರಾರ್ಥನೆ. ‘ಕೇಳಿ’ ಅನ್ನೋ ಮಾತು ಬಿಟ್ಟುಹೋಗಿ ಘೋಷಣೆಯಾಯಿತು.

ಇನ್ನೊಂದು ಮಾತಂತೂ ತಲೆಕೆಳಗಾಗಿಯೇ ನಿಂತಿದೆ. ‘ನಾವು ಶಾಲೆಗಾಗಿ ಅಲ್ಲ, ಬದುಕಿಗಾಗಿ ಕಲಿಯುತ್ತೇವೆ’ ಅಂತ ಯುರೋಪಿನ ಶಾಲೆಗಳಲ್ಲಿ ಲ್ಯಾಟಿನ್ನಿನಲ್ಲಿ ಬರೆಸುತ್ತಾರೆ. ರೋಮಿನ ತತ್ವಜ್ಞಾನಿ ಸೆನೆಕ ತನ್ನ 106ನೆಯ ಕಾಗದದ ಕೊನೆಯಲ್ಲಿ ಬರೆದದ್ದು ಇದರ ಉಲ್ಟಾ: ‘ನಾವು ಬದುಕಿಗಾಗಿ ಅಲ್ಲ, ಶಾಲೆಗಾಗಿ ಕಲಿಯುತ್ತಿದ್ದೇವೆ.’ ಕೂದಲು ಸೀಳುವ ಚರ್ಚೆಯೊಂದನ್ನು ಮುಗಿಸಿ, ಸುಮ್ನೆ ಮಣೆಯ ಮೇಲೆ ಕಾಯಿ ಆಡುತ್ತಿದ್ದೇವಲ್ಲ ಅಂತ ನೊಂದುಕೊಂಡು ಬರೆದ ದೂರು ಅದು. ಪರೀಕ್ಷೆಗೆ ಓದಿ ಮರುದಿನವೇ ಮರೆತ ನಮಗೆಲ್ಲ ಆ ದೂರೇ ಜಾಸ್ತಿ ಹತ್ತಿರ ಅನ್ನಿಸುತ್ತದೆ.

ನನ್ನನ್ನು ತುಂಬಾ ಕಾಡಿದ್ದು ‘ಗುತ್ತ ಕವತ್ ಲಪಿಡೆಮ್’. ಹನಿ ಕಲ್ಲನ್ನು ಕೊರೆಯುತ್ತದೆ. ಬಿಡದೆ ದುಡಿ, ಗೆಲ್ಲುತ್ತೀಯ ಅಂತ ಮಕ್ಕಳಿಗೆ ಹೇಳುವ ಮಾತು. ‘ಬಲದಿಂದಲ್ಲ, ಮತ್ತೆ ಮತ್ತೆ ಬಿದ್ದು’ ಅನ್ನೋ ಬಾಲವನ್ನು ನಂತರದ ಕಾಲದವರು ಅಂಟಿಸಿದರು. ಬರೆದವನು ರೋಮಿನ ಕವಿ ಓವಿಡ್. ಕ್ರಿ.ಶ. 8ರಲ್ಲಿ ಆಗಸ್ಟಸ್ ಚಕ್ರವರ್ತಿ ಅವನನ್ನು ಕಪ್ಪು ಸಮುದ್ರದ ದಡದ ತೋಮಿಸ್‌ಗೆ ಗಡಿಪಾರು ಮಾಡಿದ. ಈಗಿನ ರುಮೇನಿಯಾದ ಕಾನ್‌ಸ್ಟಾನ್ಸಾ ಅದು. ಕಾರಣ ಒಂದು ಕವಿತೆ ಮತ್ತು ಒಂದು ತಪ್ಪು ಅಂತ ಓವಿಡನೇ ಬರೆದಿದ್ದಾನೆ. ಏನು ತಪ್ಪು ಅಂತ ಹೇಳಲಿಲ್ಲ.

ಅಲ್ಲಿ ಆರನೆಯ ಬೇಸಿಗೆ ಕಳೆಯುತ್ತಾ ಗೆಳೆಯನಿಗೆ ಪದ್ಯದಲ್ಲೇ ಕಾಗದ ಬರೆಯುತ್ತಾನೆ. ಚರ್ಮ ಉಟ್ಟ ಜನರ ನಡುವೆ ಇದ್ದೇನೆ. ನನ್ನಷ್ಟು ಗಟ್ಟಿಯಾದ ಕಲ್ಲು, ಕಬ್ಬಿಣ ಎಲ್ಲಾದರೂ ಇದೆಯಾ? ಹನಿ ಬಿದ್ದು ಕಲ್ಲು ತೂತಾಗುತ್ತದೆ. ತೊಟ್ಟು ತೊಟ್ಟು ಉಂಗುರ ಸವೆಯುತ್ತದೆ. ಉತ್ತು ಉತ್ತು ನೇಗಿಲ ಕುಳ ತೇಯುತ್ತದೆ. ಕಾಲ ಎಲ್ಲವನ್ನೂ ತಿನ್ನುತ್ತದೆ, ನನ್ನೊಬ್ಬನನ್ನು ಬಿಟ್ಟು. ಸಾವು ಕೂಡ ನನ್ನ ಗಟ್ಟಿತನಕ್ಕೆ ಸೋತು ತಡಮಾಡುತ್ತಿದೆ.

ಇಲ್ಲಿ ಓವಿಡ್ ಹನಿಯ ಕಡೆ ಇಲ್ಲ. ಅವನು ಕಲ್ಲಿನ ಕಡೆ, ಅದೂ ಸವೆಯಲಾರದ ಕಲ್ಲು. ‘ಹನಿ ಹನಿ ಕೂಡಿದರೆ ಹಳ್ಳ’ ಅನ್ನುವ ನಮ್ಮ ಹನಿ ಕೂಡಿಸುತ್ತದೆ. ಅವನ ಹನಿ ಕಳೆಯುತ್ತದೆ. ಇದನ್ನು ಓದಿದ ಮೇಲೆ ಆ ಸಾಲನ್ನು ಯಾವ ಹುಡುಗನಿಗೂ ಬುದ್ಧಿಮಾತಾಗಿ ಹೇಳಲು ನನಗೆ ಬಾಯಿ ಬಂದಿಲ್ಲ.

ರೋಮಿಗೆ ಮರಳಿ ಕರೆಸಿಕೊಳ್ಳಿ ಅಂತ ಅವನು ಬರೆದ ಕಾಗದಗಳು ಒಂದೆರಡಲ್ಲ. ಯಾರೂ ಕರೆಸಲಿಲ್ಲ. ತೋಮಿಸ್‌ನಲ್ಲೇ ಸತ್ತ. 2017ರ ಡಿಸೆಂಬರಿನಲ್ಲಿ ರೋಮ್ ನಗರಸಭೆ ಒಂದು ಗೊತ್ತುವಳಿ ಪಾಸು ಮಾಡಿ, ಓವಿಡನ ಗಡಿಪಾರನ್ನು ರದ್ದು ಮಾಡಿತು.