ಗಡ್ಡದವನೇ ಮತ್ತಾಯ, ಸುಮ್ನೆ ವಾದ ಬೇಡ

ನಮಸ್ಕಾರ ಎಲ್ಲರಿಗೂ. ಇಟಲಿಯ ಚಿತ್ರಕಾರ ಕರವಾಜ್ಜೋ ಬರೆದ ‘ಮತ್ತಾಯನ ಕರೆ’ ಬಗ್ಗೆ ಹೋದ ವಾರ ಮಾಡಿದ ವಿಡಿಯೋಗೆ ಒಂದು ಕಾಮೆಂಟ್ ಬಂದಿದೆ. ‘ಸರ್, ಕರವಾಜ್ಜೋ ಚಿತ್ರದಲ್ಲಿ ಮತ್ತಾಯ ಅಂದ್ರೆ ತುದಿಯಲ್ಲಿ ತಲೆ ತಗ್ಗಿಸಿ ಕೂತ ಹುಡುಗ. ನೀವು ಹೇಳಿದ್ದು ತಪ್ಪು.’ ಅದಕ್ಕೆ ಲೈಕ್ ಬೇರೆ! ಇಲ್ಲ ಸ್ವಾಮಿ. ಗಡ್ಡದವನೇ ಮತ್ತಾಯ.

ಚಿತ್ರ ನೋಡದವರಿಗೆ ಹೇಳ್ತೀನಿ. ರೋಮ್‌ನ ಸಾನ್ ಲುಯಿಜಿ ದೇಯಿ ಫ್ರಾಂಚೇಸಿ ಚರ್ಚಿನ ಒಂದು ಚಾಪೆಲ್‌ನಲ್ಲಿ, ಅಂದ್ರೆ ಒಳಗಿನ ಪುಟ್ಟ ಪ್ರಾರ್ಥನಾ ಕೋಣೆಯಲ್ಲಿದೆ, 1599-1600ರಲ್ಲಿ ಬರೆದದ್ದು. ಯೇಸು ಬಲಗಡೆಯಿಂದ ಕೈ ಚಾಚಿ ಸುಂಕ ವಸೂಲಿ ಮಾಡುವ, ಮುಂದೆ ತನ್ನ ಶಿಷ್ಯನಾಗುವ ಮತ್ತಾಯನನ್ನು ‘ನನ್ನನ್ನು ಹಿಂಬಾಲಿಸು’ ಎಂದು ಕರೆಯುವ ಗಳಿಗೆ. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡ ಹಾಗೆ ಅಂತೀವಲ್ಲ, ಅಂಥವನನ್ನೇ ಕರೀತಿದ್ದಾನೆ! ಮೇಜಿನ ಸುತ್ತ ಐದು ಜನ. ಬೆಳಕು ಬಿದ್ದಿರುವುದು ಗಡ್ಡದವನ ಮುಖದ ಮೇಲೆ. ಎಡಗೈ ಬೆರಳು ಎದೆಯತ್ತ ತಿರುಗಿದೆ: ‘ಯಾರು, ನಾನಾ?’ ಬಲಗೈ ಮಾತ್ರ ಇನ್ನೂ ದುಡ್ಡಿನ ಹತ್ತಿರವೇ ಇದೆ. ಕರೆ ಬಂದಿದೆ, ಕಾಸು ಬಿಡೋಕಾಗ್ತಿಲ್ಲ. ಇದಕ್ಕಿಂತ ಏನು ಬೇಕು?

‘ಆ ಬೆರಳು ಹುಡುಗನ ಕಡೆ ತೋರಿಸ್ತಿದೆ, ಪಂಡಿತರೇ ಬರೆದಿದ್ದಾರೆ’ ಅಂತೀರಿ. ಬರೀಲಿ ಬಿಡಿ! ಅದೇ ಚಾಪೆಲ್‌ನ ಎದುರು ಗೋಡೆಗೆ ತಿರುಗಿ. ಅಲ್ಲಿ ಮತ್ತಾಯನನ್ನು ಕೊಲ್ಲುವ ದೃಶ್ಯ ಇದೆ. ಕೆಳಗೆ ಬಿದ್ದವನಿಗೆ ಗಡ್ಡ ಇದೆ. ಮಧ್ಯೆ ಬಲಿಪೀಠದ ಮೇಲೆ, ದೇವದೂತನ ಮಾತು ಕೇಳಿ ಸುವಾರ್ತೆ, ಅಂದ್ರೆ ಯೇಸುವಿನ ಕಥೆ, ಬರೆಯುತ್ತಿರುವ ಮತ್ತಾಯ. ಅವನಿಗೂ ಗಡ್ಡ. ಮೂರೂ ಒಬ್ಬನೇ ಕಲಾವಿದನ ಕೈಯಿಂದ ಬಂದದ್ದು, ಒಬ್ಬನದೇ ಕಥೆ. ಎರಡರಲ್ಲಿ ಗಡ್ಡ ಇಟ್ಟವನು ಮೂರನೆಯದರಲ್ಲಿ ನಿಮಗೋಸ್ಕರ ಕ್ಷೌರ ಮಾಡಿಸ್ತಾನಾ?

ಆ ಹುಡುಗ ತಲೆಯನ್ನೂ ಎತ್ತಿಲ್ಲ ಕಣ್ರೀ! ಪಕ್ಕದಲ್ಲಿ ಕನ್ನಡಕದ ಮುದುಕ, ಅವನ ಕಣ್ಣೂ ಕಾಸಿನ ಮೇಲೆ. ಇಬ್ಬರಿಗೂ ಯೇಸು ಬಂದದ್ದೇ ಗೊತ್ತಿಲ್ಲ. ಕರೆ ಕೇಳಿಸದವರು ಇರ್ತಾರೆ ಅಂತ ತೋರಿಸೋಕೇ ಕರವಾಜ್ಜೋ ಅವರನ್ನು ಅಲ್ಲಿ ಇಟ್ಟಿದ್ದಾನೆ. ಅದನ್ನು ಬಿಟ್ಟು ಹುಡುಗನೇ ಮತ್ತಾಯ ಅಂದ್ರೆ ಚಿತ್ರದ ಜೀವವೇ ಹೋಗುತ್ತೆ. ನನಗೆ ಸಿಟ್ಟು ಬರೋದು ಅಲ್ಲೇ.

ಈ ಥರ ಚಿತ್ರಗಳ ಬಗ್ಗೆ ಕನ್ನಡದಲ್ಲಿ ಮಾತಾಡುವ ಚಾನೆಲ್‌ಗಳು ಕಮ್ಮಿ. ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ, ಮನೆಯವರಿಗೂ ಕಳಿಸಿ. ಹುಡುಗನ ಪಾರ್ಟಿಯವರೂ ಬನ್ನಿ, ಬೈರಿ, ಉತ್ತರ ಕೊಡ್ತೀನಿ. ಉತ್ತರ ಒಂದೇ: ಗಡ್ಡದವನು. ಮುಖ ನೋಡಿದ್ರೇ ಗೊತ್ತಾಗುತ್ತೆ, ಅಲ್ವಾ?

ಮುಂದಿನ ವಾರ, ಬಲಿಪೀಠಕ್ಕೆಂದು ಕರವಾಜ್ಜೋ ಮೊದಲು ಬರೆದು, ಒಪ್ಪಿಗೆಯಾಗದೆ ಹೋದ ಚಿತ್ರದ ಕಥೆ. 1945ರಲ್ಲಿ ಬರ್ಲಿನ್‌ನಲ್ಲಿ ನಾಶವಾಯ್ತು, ಹಳೇ ಫೋಟೋ ಉಳಿದಿದೆ. ಅದರಲ್ಲೂ ಮತ್ತಾಯನಿಗೆ ಗಡ್ಡ ಇದೆ, ಈಗಲೇ ಹೇಳಿರ್ತೀನಿ.