ಅಮೆರಿಕದಲ್ಲಿ ಫೆಡರಲ್ ಜಡ್ಜ್ ಆಗೋದು ಹೇಗೆ? ಪರೀಕ್ಷೆ ಇಲ್ಲ, ನೀಲಿ ಚೀಟಿ ಇದೆ!

ನಮಸ್ಕಾರ. ನಮ್ಮಲ್ಲಿ ಜಿಲ್ಲಾ ನ್ಯಾಯಾಧೀಶರ ನೇರ ನೇಮಕಾತಿ ಅಂದ್ರೆ ವಕೀಲರಿಗೆ ಕನಿಷ್ಠ 7 ವರ್ಷದ ವಕೀಲಿಕೆ, ಆಮೇಲೆ ಹೈಕೋರ್ಟ್ ನಡೆಸೋ ಪರೀಕ್ಷೆ. ಅಮೆರಿಕದ ಫೆಡರಲ್, ಅಂದ್ರೆ ಕೇಂದ್ರದ, ಡಿಸ್ಟ್ರಿಕ್ಟ್ ಕೋರ್ಟಿಗೆ ಪರೀಕ್ಷೆಯೇ ಇಲ್ಲ. ವಯಸ್ಸಿಷ್ಟು, ಕಾನೂನು ಪದವಿ ಬೇಕು ಅಂತ ಅವರ ಸಂವಿಧಾನ ಎಲ್ಲೂ ಹೇಳಲ್ಲ. ಅಧ್ಯಕ್ಷರು ಹೆಸರು ಸೂಚಿಸಬೇಕು, ಸೆನೆಟ್ (ಅಲ್ಲಿನ ಸಂಸತ್ತಿನ ಮೇಲ್ಮನೆ) ಒಪ್ಪಬೇಕು.

[ಪರದೆ: ಅಮೆರಿಕದ ನಕ್ಷೆ, 94 ಡಿಸ್ಟ್ರಿಕ್ಟ್‌ಗಳು]

ಹಾಗಂತ ಯಾರು ಬೇಕಾದ್ರೂ ಆಗ್ತಾರೆ ಅಂದ್ಕೋಬೇಡಿ. 4 ವರ್ಷ ಡಿಗ್ರಿ, 3 ವರ್ಷ ಲಾ ಸ್ಕೂಲ್, ಅನೇಕರಿಗೆ ಒಂದೆರಡು ವರ್ಷ ಜಡ್ಜ್ ಒಬ್ಬರ ಕೈಕೆಳಗೆ ಲಾ ಕ್ಲರ್ಕ್ ಕೆಲಸ. ತೀರ್ಪಿನ ಕರಡು ಬರೆಯೋದನ್ನ ಕಲಿಯೋದು ಅಲ್ಲೇ. ಆಮೇಲೆ ಫೆಡರಲ್ ಪ್ರಾಸಿಕ್ಯೂಟರ್, ಪಬ್ಲಿಕ್ ಡಿಫೆಂಡರ್ (ಬಡ ಆರೋಪಿಗಳ ಪರ ವಾದಿಸೋ ಸರ್ಕಾರಿ ವಕೀಲರು), ಇಲ್ಲಾ ದೊಡ್ಡ ಲಾ ಫರ್ಮ್. ಕೆಲವರು ರಾಜ್ಯದ ಕೋರ್ಟಿಂದ ಬರ್ತಾರೆ; ಕೆಲವರು ಡಿಸ್ಟ್ರಿಕ್ಟ್ ಜಡ್ಜ್‌ಗಳಿಗೆ ನೆರವಾಗೋ, 8 ವರ್ಷದ ಅವಧಿಯ ಮ್ಯಾಜಿಸ್ಟ್ರೇಟ್ ಜಡ್ಜ್ ಹುದ್ದೆಯಿಂದ.

ಅಸಲಿ ಬಾಗಿಲು ಕಾಯೋರು ಕೋರ್ಟ್ ಇರೋ ರಾಜ್ಯದ ಇಬ್ಬರು ಸೆನೆಟರುಗಳು. ಅರ್ಜಿ ತಗೊಂಡು ಸಂದರ್ಶನ ಮಾಡೋಕೆ ಎಷ್ಟೋ ಸೆನೆಟರುಗಳು ವಕೀಲರ ಸಮಿತಿ ಇಟ್ಟುಕೊಂಡಿರ್ತಾರೆ. ನಾಮನಿರ್ದೇಶನ ಆದ್ಮೇಲೆ ಸೆನೆಟ್‌ನ ನ್ಯಾಯಾಂಗ ಸಮಿತಿ ಈ ಇಬ್ಬರಿಗೂ ನೀಲಿ ಕಾಗದವೊಂದನ್ನ ಕಳಿಸುತ್ತೆ, ಅದೇ 'ಬ್ಲೂ ಸ್ಲಿಪ್'. ಒಬ್ಬರು ವಾಪಸ್ ಕಳಿಸದಿದ್ರೂ ಸಾಮಾನ್ಯವಾಗಿ ಫೈಲ್ ಅಲ್ಲೇ ಕೊಳೆಯುತ್ತೆ. ಇದು ಕಾನೂನಲ್ಲ, ಬರೀ ಸಂಪ್ರದಾಯ!

[ಪರದೆ: ಪ್ರಶ್ನಾವಳಿಯ ಪುಟ]

ಇನ್ನು ನ್ಯಾಯಾಂಗ ಸಮಿತಿಯ ಪ್ರಶ್ನಾವಳಿ. ನೀವು ಖುದ್ದು ನಡೆಸಿದ 10 ಮುಖ್ಯ ಕೇಸು, ಪ್ರತಿಯೊಂದರಲ್ಲೂ ಎದುರಾಳಿ ವಕೀಲರ ಹೆಸರು, ಫೋನ್ ನಂಬರ್. ಜೊತೆಗೆ ಬರೆದ ಲೇಖನ, ಮಾಡಿದ ಭಾಷಣ ಎಲ್ಲ. ಹಳೇದೊಂದು ಬಿಟ್ಟುಹೋಗಿ ಆಮೇಲೆ ಸಿಕ್ಕಿದ್ರೆ, ಮುಚ್ಚಿಟ್ಟರು ಅನ್ನೋ ಮಾತು ಬರುತ್ತೆ. ಎಫ್‌ಬಿಐ ತನಿಖೆ ಬೇರೆ.

ಸಮಿತಿಯ ಮುಂದೆ ನಡೆಯೋ ವಿಚಾರಣೆಯಲ್ಲೂ ಎಡವಬಹುದು. 2017ರಲ್ಲಿ ಟ್ರಂಪ್ ಸೂಚಿಸಿದ ಮ್ಯಾಥ್ಯೂ ಪೀಟರ್ಸನ್ ಅವರನ್ನ ಅದೇ ಪಕ್ಷದ ಸೆನೆಟರ್ ಜಾನ್ ಕೆನಡಿ ಕೇಳಿದ್ದು ಇಷ್ಟು: ಒಂದಾದ್ರೂ ಟ್ರಯಲ್ ನಡೆಸಿದ್ದೀರಾ? ಇಲ್ಲ. 'ಮೋಷನ್ ಇನ್ ಲಿಮಿನೆ' ಅಂದ್ರೇನು? ಸರಿಯಾಗಿ ವಿವರಿಸೋಕೆ ಆಗಲಿಲ್ಲ. ಇಂಥ ಸಾಕ್ಷ್ಯ ಜ್ಯೂರಿ (ಕೇಸಿನ ತೀರ್ಮಾನ ಹೇಳೋ ಸಾಮಾನ್ಯ ನಾಗರಿಕರ ತಂಡ) ಕಿವಿಗೆ ಬೀಳಬಾರದು ಅಂತ ಮೊದಲೇ ಹಾಕೋ ಅರ್ಜಿ ಅದು, ಟ್ರಯಲ್ ವಕೀಲರಿಗೆ ದಿನನಿತ್ಯದ್ದು. ಕೆಲವೇ ದಿನಗಳಲ್ಲಿ ಪೀಟರ್ಸನ್ ಹಿಂದೆ ಸರಿದ್ರು.

ಸಮಿತಿ ದಾಟಿದ್ರೆ 2013ರಿಂದ ಸೆನೆಟ್‌ನಲ್ಲಿ ಸರಳ ಬಹುಮತ ಸಾಕು. ಆದ್ರೆ ಅಧಿವೇಶನ ಮುಗಿಯೋದ್ರೊಳಗೆ ಮತ ಬೀಳದಿದ್ರೆ ಹೆಸರು ಅಧ್ಯಕ್ಷರಿಗೆ ವಾಪಸ್ ಹೋಗಬಹುದು. ಆಗ ಮತ್ತೆ ಸೂಚಿಸಬೇಕು.

ಗೆದ್ದವರಿಗೆ ಹುದ್ದೆ ಆಜೀವ, ಸಂಬಳ ಕಡಿತ ಮಾಡೋ ಹಾಗಿಲ್ಲ. 65 ವಯಸ್ಸು, 15 ವರ್ಷ ಸೇವೆ ಆದ್ಮೇಲೆ 'ಸೀನಿಯರ್ ಸ್ಟೇಟಸ್' ತಗೊಂಡು ಕಡಿಮೆ ಕೇಸು ನೋಡಬಹುದು. ಆಗ ಅವರ ಸ್ಥಾನ ಖಾಲಿ ಅಂತ ಲೆಕ್ಕ. ಅದನ್ನ ತುಂಬೋ ಅವಕಾಶ ಯಾವ ಅಧ್ಯಕ್ಷರಿಗೆ ಸಿಗಬೇಕು ಅಂತ ಲೆಕ್ಕ ಹಾಕಿಯೇ ದಿನ ಗೊತ್ತು ಮಾಡೋ ಜಡ್ಜ್‌ಗಳೂ ಇದ್ದಾರೆ.